ತುಯ್‌ಶೌ ಅಭ್ಯಾಸದಲ್ಲಿ ಜೊತೆಗಾರರ ಮೊಣಕೈಗೆ ಪೆಟ್ಟಾಯಿತು: ಹತೋಟಿಯನ್ನು ಕಲಿಯುವುದು ಹೇಗೆ?

ನಿಧಾನದಾರಿ (ಮೂಲ ಪ್ರಶ್ನೆ)

ನಾನು ತಾಯ್ ಚಿ ಕಲಿಯಲು ತೊಡಗಿ ಆರು ವರ್ಷಗಳಾದವು. ಮೊದಲ ನಾಲ್ಕು ವರ್ಷ ಒಬ್ಬನೇ ಮಾಡುವ ಚಲನೆಗಳಲ್ಲೇ ಕಳೆಯಿತು. ಈಗ ಎರಡು ವರ್ಷಗಳಿಂದ ಜೋಡಿಯಾಗಿ ಮಾಡುವ ತುಯ್‌ಶೌ, ಅಂದರೆ ಪುಶ್ ಹ್ಯಾಂಡ್ಸ್, ಮತ್ತು ಅದರಿಂದ ಬೆಳೆಯುವ ಆತ್ಮರಕ್ಷಣೆಯ ಪಟ್ಟುಗಳನ್ನು ಅಭ್ಯಾಸ ಮಾಡುತ್ತಿದ್ದೇನೆ.

ಮೂರು ವಾರಗಳ ಹಿಂದೆ ನನ್ನ ಜೊತೆಗಾರರು ಮುಂದೆ ತಳ್ಳಿದಾಗ ನಾನು ಲ್ಯು, ಅಂದರೆ ಬಂದ ಒತ್ತಡವನ್ನು ಬದಿಗೆ ಸರಿಸುವ ಚಲನೆ, ಮಾಡಿದೆ. ನನ್ನ ಒಂದು ಕೈ ಅವರ ಮಣಿಕಟ್ಟಿನ ಮೇಲಿತ್ತು, ಇನ್ನೊಂದು ಕೈಯ ಮುಂದೋಳು ಅವರ ಮೊಣಕೈಗಿಂತ ತುಸು ಮೇಲೆ ಒರಗಿತ್ತು. ಅವರ ಒತ್ತಡವನ್ನು ಬದಿಗೆ ಹರಿಯಗೊಡುವುದಷ್ಟೇ ನನ್ನ ಕೆಲಸವಾಗಿತ್ತು. ಆದರೆ ಅವರ ತೋಳು ನೆಟ್ಟಗಾಯಿತೆಂದು ಗೊತ್ತಾದ ಕೂಡಲೇ ನಾನು ಸೊಂಟ ತಿರುಗಿಸಿ ಬಿರುಸಾಗಿ ಒತ್ತಿಬಿಟ್ಟೆ. ಅವರು ತಟ್ಟಿ ಸೂಚನೆ ಕೊಟ್ಟದ್ದು ನನಗೆ ತಿಳಿಯಿತು. ತಿಳಿಯುವಷ್ಟರಲ್ಲಿ ಮೊಣಕೈ ನೊಂದಾಗಿತ್ತು.

ಅವರು ನನ್ನ ಮೇಲೆ ಕೋಪಗೊಂಡಿಲ್ಲ. ಆದರೂ ಅಂದಿನಿಂದ ಯಾರ ಕೈ ಹಿಡಿದರೂ ನನ್ನ ಬೆರಳುಗಳು ಹಿಂಜರಿಯುತ್ತಿವೆ. ಬಲವನ್ನು ಅರ್ಧಕ್ಕೆ ಇಳಿಸಿದರೆ ಪಟ್ಟು ಕೂಡುವುದೇ ಇಲ್ಲ, ಇಳಿಸದಿದ್ದರೆ ಇನ್ನೊಬ್ಬರಿಗೆ ನೋವಾಗುತ್ತದೆ. ಹತೋಟಿ ಎಂದರೆ ಬಲವನ್ನು ಕಡಿಮೆ ಮಾಡುವುದೇ, ಅಥವಾ ಬೇರೆ ಏನಾದರೂ ಇದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹಳೇಬೇರು

ನಿಧಾನದಾರಿ ಅವರೇ, ತಾವು ಬಲ ಹೆಚ್ಚು ಹಾಕಿದ್ದರಿಂದ ಪೆಟ್ಟಾಯಿತೆಂದು ಭಾವಿಸಿದ್ದೀರಿ. ನನಗೆ ಹಾಗೆ ತೋರುವುದಿಲ್ಲ. ತಪ್ಪು ಅದಕ್ಕೂ ಒಂದು ಕ್ಷಣ ಮೊದಲೇ ಆಗಿತ್ತು. ತೋಳು ನೆಟ್ಟಗಾದದ್ದು ತಮಗೆ ಸಂತೋಷದ ಸುದ್ದಿಯಂತೆ ಕೇಳಿಸಿತು, ಆ ಸಂತೋಷದಲ್ಲಿ ತಾವು ಆಲಿಸುವುದನ್ನು ಬಿಟ್ಟಿರಿ. ಚೀನೀ ಭಾಷೆಯಲ್ಲಿ ತಿಂಗ್ ಜಿನ್ ಎನ್ನುವುದು ಚರ್ಮದ ಮೂಲಕ ಎದುರಿನವರ ಬಲವನ್ನು ಕೇಳಿಸಿಕೊಳ್ಳುವ ಶಕ್ತಿ. ಅದರ ಮೇಲೆ ಹುವಾ ಜಿನ್, ಅಂದರೆ ಬಂದ ಬಲವನ್ನು ಕರಗಿಸುವುದು, ಆಮೇಲಷ್ಟೇ ಫಾ ಜಿನ್, ಅಂದರೆ ಬಲವನ್ನು ಹೊರಬಿಡುವುದು. ಮೊದಲನೆಯದು ನಿಂತುಹೋದ ಮೇಲೆ ಮೂರನೆಯದನ್ನು ಮಾಡಿದರೆ ಅದು ಕುರುಡಾಗಿಯೇ ಹೋಗುತ್ತದೆ, ಅರ್ಧ ಬಲದ್ದಾದರೂ ಅಷ್ಟೇ.

ತುಯ್‌ಶೌದಲ್ಲಿ ನಾಲ್ಕು ದೋಷಗಳನ್ನು ಹೇಳುತ್ತಾರೆ: ದಿಯು ಎಂದರೆ ಸಂಪರ್ಕ ಕಳಚುವುದು, ದಿಂಗ್ ಎಂದರೆ ಎದುರಾಗಿ ಒತ್ತುವುದು, ಬಿಯಾನ್ ಎಂದರೆ ಕುಸಿದು ಚಪ್ಪಟೆಯಾಗುವುದು, ಕಾಂಗ್ ಎಂದರೆ ಸೆಟೆದು ಪ್ರತಿರೋಧಿಸುವುದು. ಕೈ ಕೈಗೆ ತಾಗಿಕೊಂಡೇ ಇದ್ದರೂ ಮನಸ್ಸು ಕಳಚಿಕೊಂಡರೆ ಅದನ್ನೂ ನಾನು ದಿಯು ಎಂದೇ ಎಣಿಸುತ್ತೇನೆ. ಇದು ನನ್ನ ಸ್ವಂತ ಅಭಿಪ್ರಾಯ, ಇದನ್ನು ಒಪ್ಪದವರೂ ಇದ್ದಾರೆ.

ಮಾಡಿನೋಡಬಹುದಾದ ಒಂದು ಅಭ್ಯಾಸವನ್ನು ಹೇಳುತ್ತೇನೆ. ಲ್ಯು ಮಾಡಿ ಜೊತೆಗಾರರ ತೋಳಿನಲ್ಲಿರುವ ಸಡಿಲವನ್ನೆಲ್ಲ ತೆಗೆದುಕೊಳ್ಳಿ. ಕೀಲು ಇನ್ನು ಸ್ವಲ್ಪ ಹೋದರೆ ಬಿಗಿಯುತ್ತದೆ ಎನ್ನುವಲ್ಲಿ ನಿಲ್ಲಿಸಿ. ಅಲ್ಲಿಂದ ಮುಂದೆ ಕೈಗಳನ್ನು ಅಲುಗಿಸದೆ ನಿಮ್ಮ ಇಡೀ ದೇಹವನ್ನಷ್ಟೇ ತಿರುಗಿಸಿ. ಜೊತೆಗಾರರ ಪಾದ ಎದ್ದು ಒಂದು ಹೆಜ್ಜೆ ಇಡಬೇಕು, ಮೊಣಕೈಗೆ ನೋವಾಗಬಾರದು. ಹೆಜ್ಜೆ ಬಾರದೆ ನೋವು ಬಂದರೆ ನೀವು ಕೀಲಿನೊಂದಿಗೆ ಸೆಣಸುತ್ತಿದ್ದೀರಿ. ನೋವಿಲ್ಲದೆ ಹೆಜ್ಜೆ ಬಂದರೆ ಅವರ ಬೆನ್ನೆಲುಬು, ಸೊಂಟ, ಹಿಮ್ಮಡಿಯ ತನಕ ನಿಮ್ಮ ಹಿಡಿತ ತಲುಪಿದೆ. ನನ್ನ ಮಟ್ಟಿಗೆ ಹತೋಟಿ ಎಂದರೆ ಇದೇ.

ಮೂರನೇವರ್ಷ

ಹೆಜ್ಜೆಯ ಪರೀಕ್ಷೆಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ, ಇಂದು ಸಂಜೆಯೇ ಮಾಡಿನೋಡುತ್ತೇನೆ.

ಕೀಲುವೈದ್ಯೆ

ನಾನು ಮೂಳೆ ಮತ್ತು ಕೀಲುಗಳ ವೈದ್ಯೆ. ತಾಯ್ ಚಿ ಮಾಡುತ್ತೇನೆ, ಆದರೆ ಅದರಲ್ಲಿ ಪರಿಣತಳಲ್ಲ. "ತಟ್ಟಿದರೆ ಬಿಡುತ್ತೇನೆ" ಎಂಬ ಒಪ್ಪಂದವನ್ನು ಎಲ್ಲರೂ ಅತಿಯಾಗಿ ನಂಬುತ್ತಾರೆ, ಆದ್ದರಿಂದ ಅದರ ಬಗ್ಗೆ ಹೇಳಲೇಬೇಕು.

ಎದುರುನೋಡುತ್ತಿರುವ ಒಂದು ಸರಳ ಸೂಚನೆಗೆ ಪ್ರತಿಕ್ರಿಯಿಸಲು ಆರೋಗ್ಯವಂತರಿಗೆ ಸುಮಾರು 0.2 ಸೆಕೆಂಡ್ ಬೇಕು. ಪಟ್ಟಿಗೆ ಸಿಕ್ಕವರು ಅಪಾಯವನ್ನು ಅರಿತು ತಟ್ಟಲು ಒಮ್ಮೆ, ಪಟ್ಟು ಹಾಕಿದವರು ಆ ತಟ್ಟನ್ನು ಅರಿತು ಬಿಡಲು ಇನ್ನೊಮ್ಮೆ, ಹೀಗೆ ಎರಡು ಬಾರಿ ಆ ಸಮಯ ಹೋಗುತ್ತದೆ. ಅಷ್ಟರಲ್ಲಿ ಬಿರುಸಾಗಿ ತಿರುಗಿದ ಸೊಂಟ ತನ್ನ ಕೆಲಸ ಮುಗಿಸಿರುತ್ತದೆ. ನಿಧಾನವಾಗಿ ಹಾಕಿದ ಪಟ್ಟಿಗೆ ಮಾತ್ರ ತಟ್ಟುವಿಕೆ ರಕ್ಷಣೆ ಕೊಡಬಲ್ಲದು. ವೇಗದ ಪಟ್ಟಿನಲ್ಲಿ ಅದು ಆದ ಗಾಯವನ್ನು ತಿಳಿಸುತ್ತದೆ, ತಡೆಯುವುದಿಲ್ಲ.

ಮೊಣಕೈಯದು ಇನ್ನೊಂದು ತೊಂದರೆ. ತೋಳು ಪೂರ್ತಿ ನೆಟ್ಟಗಾದಾಗ ಮುಂದೋಳಿನ ಅಲ್ನಾ ಮೂಳೆಯ ತುದಿ ಮೇಲ್ತೋಳಿನ ಮೂಳೆಯ ಹಿಂಬದಿಯ ಕುಳಿಯೊಳಗೆ ಹೋಗಿ ಕೂರುತ್ತದೆ. ಭುಜವನ್ನು ತಿರುಚುವಾಗ ಸ್ನಾಯುಗಳು ಹಂತಹಂತವಾಗಿ ಬಿಗಿದು ಎಚ್ಚರಿಸುತ್ತವೆ, ಆದರೆ ಮೊಣಕೈ ಬಾಗಿಲು ಚೌಕಟ್ಟಿಗೆ ತಾಗಿದಂತೆ ಥಟ್ಟನೆ ನಿಲ್ಲುತ್ತದೆ. "ಇನ್ನೂ ಜಾಗವಿದೆ" ಮತ್ತು "ಗಾಯವಾಯಿತು" ಎನ್ನುವುದರ ನಡುವಿನ ಅಂತರ ಬಹಳ ಕಡಿಮೆ. ಲಿಗಮೆಂಟಿಗೆ ರಕ್ತದ ಪೂರೈಕೆ ಸ್ನಾಯುವಿಗಿಂತ ಕಡಿಮೆಯಾದುದರಿಂದ ಅದು ಮಾಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಕೀಲುಗಳು ಹುಟ್ಟಿನಿಂದಲೇ ಸಡಿಲವಾಗಿರುವವರು ನೋವನ್ನು ತಡವಾಗಿ ಗುರುತಿಸಬಹುದು, ಆದ್ದರಿಂದ ಅವರ ಮುಖ ನೋಡಿ ಪಟ್ಟಿನ ಮಿತಿಯನ್ನು ಅಳೆಯಬೇಡಿ.

ನಿಮ್ಮ ಜೊತೆಗಾರರಿಗೆ ಈಗಲೂ ಆ ತೋಳನ್ನು ಇನ್ನೊಂದರಷ್ಟು ನೆಟ್ಟಗೆ ಚಾಚಲು ಆಗದಿದ್ದರೆ, ಇದುವರೆಗೆ ತೋರಿಸಿರದ ಪಕ್ಷದಲ್ಲಿ, ದಯವಿಟ್ಟು ವೈದ್ಯರಿಗೆ ತೋರಿಸಿ ಎಕ್ಸ್-ರೇ ತೆಗೆಸಿ.

ಎದುರುಮಾತು

ಎಲ್ಲರೂ ಒಂದೇ ದಿಕ್ಕಿಗೆ ಮಾತನಾಡುತ್ತಿರುವುದರಿಂದ ನಾನು ಇನ್ನೊಂದು ಬದಿಯನ್ನು ಹೇಳಬೇಕಾಗಿದೆ. ಆತ್ಮರಕ್ಷಣೆ ಎಂಬ ಮಾತನ್ನು ಬಳಸಿದ ಮೇಲೆ, ನಿಜವಾಗಿ ನೋಯಿಸಲು ಬಂದವನ ಎದುರಿಗೂ ಅದು ನಡೆಯಬೇಕು. ಅಭ್ಯಾಸದಲ್ಲಿ ಸಾವಿರ ಬಾರಿ ಪಟ್ಟನ್ನು ಅರ್ಧದಲ್ಲಿ ನಿಲ್ಲಿಸಿದ ದೇಹ ಬೀದಿಯಲ್ಲಿಯೂ ಅರ್ಧದಲ್ಲೇ ನಿಲ್ಲಿಸುತ್ತದೆ. ಭಯದಲ್ಲಿ ಯೋಚಿಸಿ ಮಾಡಲು ಬಿಡುವಿರುವುದಿಲ್ಲ, ರೂಢಿಯಾದದ್ದೇ ಕೈಗೆ ಬರುತ್ತದೆ. ಮುಖಕ್ಕೆ ಒಂದು ಗೇಣು ದೂರದಲ್ಲಿ ಹೊಡೆತ ನಿಲ್ಲಿಸುವುದನ್ನು ವರ್ಷಗಟ್ಟಲೆ ಕಲಿತವರು ಕೊನೆಗೆ ಒಂದು ಗೇಣು ದೂರದಲ್ಲಿ ನಿಲ್ಲಿಸುವುದರಲ್ಲಿ ನಿಪುಣರಾಗುತ್ತಾರೆ, ಅಷ್ಟೇ.

1954ರಲ್ಲಿ ಮಕಾವ್‌ನಲ್ಲಿ ನಡೆದ ಪಂದ್ಯವನ್ನು ನೆನಪಿಸಿಕೊಳ್ಳಿ. ತಾಯ್ ಚಿಯ ವೂ ಶೈಲಿಯ ಮನೆತನದ ವೂ ಗೊಂಗ್‌ಯಿ ಅವರು ಶ್ವೇತ ಕೊಕ್ಕರೆ ಶೈಲಿಯ ಚಾನ್ ಹಾಕ್-ಫು ಅವರೊಂದಿಗೆ ಸೆಣಸಿದರು. ಆ ದೃಶ್ಯದ ತುಣುಕು ಈಗಲೂ ನೋಡಲು ಸಿಗುತ್ತದೆ. ಅದರಲ್ಲಿ ಮೃದುವಾದ ಆಲಿಸುವಿಕೆ ಎಲ್ಲಿ ಕಾಣುತ್ತದೆ ಎಂದು ಯಾರಾದರೂ ತೋರಿಸಲಿ. ಬಲ್ಲವರಿಗೇ ಹೀಗಾದರೆ ನಮ್ಮ ಗತಿ ಏನು?

ಹಳೇಬೇರು

ಎದುರುಮಾತು ಅವರೇ, ಪಂದ್ಯದ ವಿಷಯದಲ್ಲಿ ತಾವು ಹೇಳದೆ ಬಿಟ್ಟ ಅಂಶವೊಂದಿದೆ. ಅದು ಧರ್ಮಾರ್ಥವಾಗಿ ಹಣ ಕೂಡಿಸಲು ಏರ್ಪಡಿಸಿದ ಪಂದ್ಯ. ಎರಡನೆಯ ಸುತ್ತಿನಲ್ಲಿ ಅದನ್ನು ನಿಲ್ಲಿಸಲಾಯಿತು, ಯಾರನ್ನೂ ವಿಜೇತರೆಂದು ಸಾರಲಿಲ್ಲ. ವೂ ಅವರಿಗೆ ಆಗ ಐವತ್ತು ದಾಟಿತ್ತು, ಎದುರಾಳಿ ಅವರಿಗಿಂತ ಬಹಳ ಕಿರಿಯರು. ಚಲನೆಗಳು ಒರಟಾಗಿದ್ದವು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದರಿಂದ ಹೊರಡುವ ಪಾಠ "ಅಭ್ಯಾಸದಲ್ಲಿ ಒರಟಾಗಿರಿ" ಎಂಬುದಲ್ಲ. ಒತ್ತಡ ಬಂದಾಗ ಎಲ್ಲರ ಸೂಕ್ಷ್ಮತೆಯೂ ಒಂದಿಷ್ಟು ಕಳೆದುಹೋಗುತ್ತದೆ, ಆದ್ದರಿಂದ ಕಳೆದ ಮೇಲೂ ಉಳಿಯುವಷ್ಟನ್ನು ಮೊದಲೇ ಕೂಡಿಟ್ಟುಕೊಳ್ಳಬೇಕು ಎಂಬುದು ನನಗೆ ಸರಿಯೆನಿಸುತ್ತದೆ.

ಎದುರುಮಾತು

ಕೂಡಿಟ್ಟದ್ದು ಎಷ್ಟು ಎಂದು ತಿಳಿಯುವುದು ಒತ್ತಡದಲ್ಲಿ ಪರೀಕ್ಷಿಸಿದಾಗ ಮಾತ್ರ. ಆ ಪರೀಕ್ಷೆಯನ್ನು ನಿಮ್ಮಲ್ಲಿ ಎಷ್ಟು ಮಂದಿ ಮಾಡುತ್ತೀರಿ?

ಜೂಡೋದಿಂದಬಂದವಳು

ನಾನು ಹದಿನಾಲ್ಕು ವರ್ಷ ಜೂಡೋ ಮಾಡಿ ಆಮೇಲೆ ತಾಯ್ ಚಿಗೆ ಬಂದವಳು. ಈ ವಾದಕ್ಕೆ ಜೂಡೋದಲ್ಲಿ ಒಂದು ಉತ್ತರವಿದೆ. 1882ರಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆಯನ್ನು ಸ್ಥಾಪಿಸಿದ ಕಾನೊ ಜಿಗೊರೊ ಅವರು ಹಳೆಯ ಜುಜುತ್ಸುವಿನ ಅಪಾಯಕಾರಿ ಪಟ್ಟುಗಳನ್ನು ನಿಗದಿತ ಕ್ರಮದ ಅಭ್ಯಾಸಕ್ಕೆ ಎತ್ತಿಟ್ಟು, ಉಳಿದವುಗಳನ್ನು ಪೂರ್ಣ ಬಲದಿಂದ, ಒಪ್ಪಿಸಿಕೊಳ್ಳದ ಎದುರಾಳಿಯ ಮೇಲೆ ಮಾಡಲು ಅವಕಾಶ ಕೊಟ್ಟರು. ಇಂದಿಗೂ ಸ್ಪರ್ಧೆಯಲ್ಲಿ ಕೀಲು ಪಟ್ಟನ್ನು ಮೊಣಕೈಯೊಂದರ ಮೇಲೆ ಮಾತ್ರ ಹಾಕಬಹುದು. ಮಣಿಕಟ್ಟು, ಮೊಣಕಾಲುಗಳ ಮೇಲೆ ಹಾಕುವಂತಿಲ್ಲ. ಯಾವುದನ್ನು ಪೂರ್ತಿ ಮಾಡಬಹುದು, ಯಾವುದನ್ನು ಮಾಡಬಾರದು ಎಂಬ ಆಯ್ಕೆ ಅಲ್ಲಿ ಚಾಪೆಗೆ ಇಳಿಯುವ ಮೊದಲೇ ಆಗಿರುತ್ತದೆ.

ತಾಯ್ ಚಿಯಲ್ಲಿಯೂ ಹೀಗೆಯೇ ವಿಂಗಡಿಸಬಹುದು. ಪೆಂಗ್ (ತಾಳಿ ನಿಲ್ಲುವುದು), ಲ್ಯು (ಬದಿಗೆ ಸರಿಸುವುದು), ಜಿ (ಒತ್ತುವುದು), ಆನ್ (ತಳ್ಳುವುದು) ಎಂಬ ಮೊದಲ ನಾಲ್ಕು ಬಲಗಳಲ್ಲಿ ಎದುರಿನವರ ಸಮತೋಲ ಕೆಡಿಸುವ ಕೆಲಸವನ್ನು, ನೆಲ ಮೆತ್ತಗಿದ್ದು ಬೀಳುವುದನ್ನು ಕಲಿತಿದ್ದರೆ, ಪೂರ್ತಿ ಪ್ರತಿರೋಧದೊಂದಿಗೆ ಮಾಡಬಹುದು. ತ್ಸಾಯ್, ಲಿಯೆ, ಝೌ, ಕಾವ್ ಎಂಬ ಉಳಿದ ನಾಲ್ಕರಲ್ಲಿ ಕ್ರಮವಾಗಿ ಎಳೆತ, ಸೀಳುವಿಕೆ, ಮೊಣಕೈ ಪೆಟ್ಟು, ಭುಜದ ಪೆಟ್ಟು ಬರುತ್ತವೆ; ಅವುಗಳನ್ನೂ ಚಿನ್ ನಾ ಎಂಬ ಕೀಲು ಪಟ್ಟುಗಳನ್ನೂ ನಿಧಾನದ ಅಭ್ಯಾಸಕ್ಕೆ ಮೀಸಲಿಡಬೇಕು. ನಿಧಾನದಾರಿ ಅವರು ಲ್ಯು ಎಂದು ಹೇಳಿಕೊಂಡರೂ ಕೊನೆಯಲ್ಲಿ ಮಾಡಿದ್ದು ಲಿಯೆ. ಜೊತೆಗಾರರು ಲ್ಯುಗೆ ಸಿದ್ಧರಾಗಿದ್ದರು, ಲಿಯೆಗೆ ಆಗಿರಲಿಲ್ಲ. ಒಪ್ಪಿದ ಆಟವನ್ನು ನಡುವೆ ಬದಲಿಸಿದ್ದೇ ತಮ್ಮ ತಪ್ಪು ಎಂದು ನೇರವಾಗಿ ಹೇಳುತ್ತಿದ್ದೇನೆ, ಬೇಸರಿಸಬೇಡಿ.

ಬೀಳುವುದನ್ನು ಕಲಿಸದ ತಾಯ್ ಚಿ ತರಗತಿಗಳನ್ನು ಬಹಳ ಕಂಡಿದ್ದೇನೆ, ಅದು ನನಗೆ ಸಹಿಸಲಾಗದ ಸಂಗತಿ. ಚೆನ್ನಾಗಿ ತಳ್ಳಿಸಿಕೊಂಡವರು ಹಿಂದಕ್ಕೆ ಹಾರಿದಾಗ ತಲೆಯ ಹಿಂಭಾಗ ಗಟ್ಟಿ ನೆಲಕ್ಕೆ ಬಡಿದರೆ ಮೊಣಕೈ ಗಾಯ ಚಿಕ್ಕದೆನಿಸುತ್ತದೆ. ಗಲ್ಲವನ್ನು ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ, ಕೈಗಳಿಂದ ನೆಲ ಬಡಿದು ಬೀಳುವುದನ್ನು ಮೊದಲ ತಿಂಗಳಲ್ಲೇ ಕಲಿಸಬೇಕು.

ನಿಧಾನದಾರಿ

ಬೇಸರವಿಲ್ಲ. ನಾನು ಮಾಡಿದ್ದಕ್ಕೆ ಸರಿಯಾದ ಹೆಸರು ಈಗ ಸಿಕ್ಕಿತು.

ರಾತ್ರಿಪಾಳಿ

ಎದುರುಮಾತು ಅವರು ಆತ್ಮರಕ್ಷಣೆ ಎಂದಾಗಲೆಲ್ಲ ನೋಯಿಸಲು ಬಂದ ದುಷ್ಟನನ್ನೇ ಕಲ್ಪಿಸಿಕೊಳ್ಳುತ್ತಾರೆ. ನಾನು ದಾದಿ. ನನ್ನ ಮೇಲೆ ಕೈ ಮಾಡುವವರು ಬಹುಪಾಲು ಹೆದರಿದವರು, ಜ್ವರದ ತಾಪದಲ್ಲಿ ದಿಕ್ಕು ತಪ್ಪಿದವರು, ಮರೆವಿನ ಕಾಯಿಲೆಯಲ್ಲಿ ನನ್ನನ್ನು ಬೇರೆ ಯಾರೋ ಎಂದು ತಿಳಿದ ವೃದ್ಧರು. ಅವರ ಮಣಿಕಟ್ಟು ತಿರುಚಿದರೆ ಮೂಳೆಯೇ ಮುರಿಯಬಹುದು, ಹಿಡಿತ ಬಿಗಿಯಾದರೆ ತೆಳ್ಳಗಿನ ಚರ್ಮ ಸುಲಿಯುತ್ತದೆ.

ಒಂದು ರಾತ್ರಿ ಒಬ್ಬ ಹಿರಿಯರು ನನ್ನ ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದು ಮಂಚದ ಕಡೆಗೆ ಎಳೆದರು. ಅವರ ಬಲ ನೋಡಿ ನನಗೆ ನಿಜಕ್ಕೂ ಭಯವಾಯಿತು. ನಾನು ಕಿತ್ತುಕೊಳ್ಳಲಿಲ್ಲ. ಮೊಣಕೈಯನ್ನು ಕೆಳಕ್ಕಿಳಿಸಿ, ಅವರು ಎಳೆದ ಕಡೆಗೇ ಅರ್ಧ ಹೆಜ್ಜೆ ಹೋದೆ. ಎಳೆಯಲು ಎದುರು ಬಲವೇ ಇಲ್ಲವಾದಾಗ ಅವರ ತೋಳುಗಳು ಸಡಿಲವಾದವು. ಹಿಡಿತದಲ್ಲಿ ಹೆಬ್ಬೆರಳಿನ ತುದಿ ಮತ್ತು ಬೆರಳುಗಳ ತುದಿ ಸೇರುವ ಜಾಗವೇ ದುರ್ಬಲವಾದದ್ದು. ಅತ್ತ ಕಡೆಗೆ ಕೈಯನ್ನು ಮೆಲ್ಲಗೆ ತಿರುಗಿಸಿ ಹೊರತೆಗೆದೆ, ಇನ್ನೊಂದು ಅಂಗೈಯನ್ನು ಅವರ ಮುಂದೋಳಿನ ಮೇಲೆ ಇಟ್ಟೇ ಇದ್ದೆ. ಅಂಟಿಕೊಂಡು ಹಿಂಬಾಲಿಸುವುದು ಎಂದು ತುಯ್‌ಶೌದಲ್ಲಿ ಕಲಿತದ್ದನ್ನು ಅಂದು ಮಾಡಿದೆ. ಅಷ್ಟು ಹೊತ್ತೂ ಅವರ ಹೆಸರು ಹಿಡಿದು ಮಾತನಾಡಿಸುತ್ತಲೇ ಇದ್ದೆ. ಅವರಿಗೆ ಒಂದು ಗುರುತೂ ಆಗಲಿಲ್ಲ, ನನಗೂ ಆಗಲಿಲ್ಲ.

ಇನ್ನೊಂದು ಘಟನೆ ಇಷ್ಟು ಚೆನ್ನಾಗಿ ಮುಗಿಯುತ್ತಿರಲಿಲ್ಲ. ಮೂವರು ಸೇರಿ ಒಬ್ಬರನ್ನು ತಡೆಹಿಡಿದಾಗ ಅವರು ಬೋರಲಾಗಿ ನೆಲಕ್ಕೆ ಬಿದ್ದರು, ಗಾಬರಿಯಲ್ಲಿ ಸಹೋದ್ಯೋಗಿಯೊಬ್ಬರು ಅವರ ಬೆನ್ನ ಮೇಲೆ ಮಂಡಿಯೂರಿದರು. ನಾನು ಕೂಗಿ ಅವರನ್ನು ಎಬ್ಬಿಸಿದೆ. ಬೋರಲಾಗಿ ಮಲಗಿದವರ ಬೆನ್ನ ಮೇಲೆ ಭಾರ ಬಿದ್ದರೆ ಎದೆ ಹಿಗ್ಗುವುದಿಲ್ಲ, ಹೊಟ್ಟೆ ಉಬ್ಬಲು ಜಾಗವಿರುವುದಿಲ್ಲ. ಅವರು ಉಸಿರಿಗಾಗಿ ಒದ್ದಾಡುವುದನ್ನು ಹಿಡಿದವರು ಪ್ರತಿರೋಧವೆಂದು ತಿಳಿದು ಇನ್ನೂ ಒತ್ತುತ್ತಾರೆ. ಮಾತನಾಡುತ್ತಿದ್ದಾರೆಂದ ಮಾತ್ರಕ್ಕೆ ಉಸಿರು ಸಾಕಾಗುತ್ತಿದೆ ಎಂದಲ್ಲ. ಕೂಡಲೇ ಪಕ್ಕಕ್ಕೆ ಹೊರಳಿಸಬೇಕು. ನೆಲಕ್ಕೆ ಕೆಡವುವ ಪಟ್ಟನ್ನು ಕಲಿಸುವ ಪ್ರತಿಯೊಬ್ಬರೂ ಕೆಡವಿದ ಮೇಲೆ ಏನು ಮಾಡಬೇಕೆಂಬುದನ್ನೂ ಅದೇ ದಿನ ಕಲಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಕೀಲುವೈದ್ಯೆ

ರಾತ್ರಿಪಾಳಿ ಅವರ ಕೊನೆಯ ಭಾಗವನ್ನು ದಯವಿಟ್ಟು ಎಲ್ಲರೂ ಎರಡು ಬಾರಿ ಓದಿ.

ಎದುರುಮಾತು

ರಾತ್ರಿಪಾಳಿ ಅವರೇ, ನನ್ನ ಮನಸ್ಸಿನಲ್ಲಿ ಒಂದೇ ಬಗೆಯ ಎದುರಾಳಿ ಇದ್ದದ್ದು ನಿಜ. ನಿಮ್ಮ ಕೆಲಸಕ್ಕೆ ಬೇಕಾದ ಹತೋಟಿ ನಾನು ಹೇಳುತ್ತಿದ್ದ ಬಲಕ್ಕಿಂತ ಕಷ್ಟದ್ದು. ಆದರೂ ಚಾಕು ಹಿಡಿದವನ ಎದುರು ನಿಮ್ಮ ವಿಧಾನ ನಡೆಯದೆಂದು ನೀವೂ ಒಪ್ಪುತ್ತೀರಿ ಎಂದುಕೊಂಡಿದ್ದೇನೆ.

ರಾತ್ರಿಪಾಳಿ

ಒಪ್ಪುತ್ತೇನೆ. ಚಾಕು ಕಂಡರೆ ನಾನು ಬಾಗಿಲಿನ ಕಡೆಗೆ ಓಡುತ್ತೇನೆ, ತಾವೂ ಓಡಬೇಕು.

ಕಾನೂನುಓದಿದವ

ಸಣ್ಣದೊಂದು ಸೇರ್ಪಡೆ. ಬಹುತೇಕ ದೇಶಗಳ ಕಾನೂನು ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡುತ್ತದೆ, ಜೊತೆಗೆ ಬಳಸಿದ ಬಲ ಎದುರಾದ ಅಪಾಯಕ್ಕೆ ತಕ್ಕಷ್ಟಿತ್ತೇ ಎಂದೂ ಕೇಳುತ್ತದೆ. ಅಪಾಯ ಮುಗಿದ ಮೇಲೆ ಹಾಕಿದ ಪೆಟ್ಟು ರಕ್ಷಣೆಯಾಗಿ ಉಳಿಯುವುದಿಲ್ಲ. ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವ ದೇಹ ಕಾನೂನಿನ ದೃಷ್ಟಿಯಿಂದಲೂ ಬೇಕಾದದ್ದೇ.

ಗಟ್ಟಿಹಿಡಿ

ನನ್ನ ಸಮಸ್ಯೆ ನಿಧಾನದಾರಿ ಅವರದಕ್ಕೆ ತದ್ವಿರುದ್ಧವಾದದ್ದು. ನಮ್ಮ ತರಗತಿಯಲ್ಲಿ ನಾವು ಇಬ್ಬರೇ ಮಹಿಳೆಯರು. ಜೊತೆಗಾರರು ನನ್ನ ಮಣಿಕಟ್ಟನ್ನು ಹೂ ಹಿಡಿದಂತೆ ಹಿಡಿಯುತ್ತಾರೆ, ನಾನು ಅಲುಗಿದ ಕೂಡಲೇ ತಾವಾಗಿಯೇ ಬೀಳುತ್ತಾರೆ. ಅದನ್ನು ಅವರು ಸಂಯಮ ಎನ್ನುತ್ತಾರೆ. ಎರಡು ವರ್ಷ ನಾನೂ ನನ್ನ ಪಟ್ಟುಗಳು ಕೆಲಸ ಮಾಡುತ್ತವೆಂದು ನಂಬಿದ್ದೆ. ಹೊರಗಿನಿಂದ ಬಂದ ಹೊಸಬರೊಬ್ಬರು ನಿಜವಾಗಿ ಹಿಡಿದ ದಿನ ಒಂದೂ ನಡೆಯಲಿಲ್ಲ. ನಾನು ಅಂದು ಅತ್ತದ್ದು ನೋವಿಗಲ್ಲ, ನನ್ನ ಎರಡು ವರ್ಷಗಳನ್ನು ನನ್ನ ಒಪ್ಪಿಗೆಯಿಲ್ಲದೆ ಕಳೆದಿದ್ದಕ್ಕೆ.

ಸುಳ್ಳು ಬೀಳುವಿಕೆಯನ್ನು ಸಂಯಮವೆಂದು ಕರೆಯಬೇಡಿ. ಸಂಯಮದಿಂದ ಹಿಡಿದವರ ಕೈಯಲ್ಲಿ ಬಲ ಇರುತ್ತದೆ. ನಾನು ಆ ಬಲದ ವಿರುದ್ಧ ತಪ್ಪು ಮಾಡಿದರೆ ಅದು ನನಗೆ ತಿಳಿಯುತ್ತದೆ, ಗಾಯವಾಗುವುದಿಲ್ಲ.

ಎದುರುಮಾತು

ನಾನು ಹೇಳಬಯಸಿದ್ದೂ ಇದನ್ನೇ, ನಿಮ್ಮಷ್ಟು ಚೆನ್ನಾಗಿ ಹೇಳಲಾಗಲಿಲ್ಲ.

ಎರಡುದಶಕ

ಇಪ್ಪತ್ತು ವರ್ಷಗಳಿಂದ ಕಲಿಸುತ್ತಿದ್ದೇನೆ. ಎದುರುಮಾತು, ಗಟ್ಟಿಹಿಡಿ ಇಬ್ಬರ ದೂರೂ ನ್ಯಾಯವಾದದ್ದೇ. ನಮ್ಮಲ್ಲಿ ಮಾಡುವುದನ್ನು ಹೇಳುತ್ತೇನೆ.

ವೇಗ, ದೂರ, ಬಲ, ಗುರಿ ಇವುಗಳಲ್ಲಿ ಒಂದು ಹೊತ್ತಿಗೆ ಒಂದನ್ನು ಮಾತ್ರ ನಾವು ಕಡಿಮೆ ಮಾಡುತ್ತೇವೆ, ಉಳಿದವು ನಿಜವಾಗಿಯೇ ಇರಬೇಕು. ಹೊಡೆತದ ಅಭ್ಯಾಸದಲ್ಲಿ ಗಾಳಿಯಲ್ಲಿ ನಿಲ್ಲಿಸುವ ಬದಲು, ಒಮ್ಮೆ ಪೂರ್ಣ ವೇಗದಲ್ಲಿ ದಪ್ಪ ಪ್ಯಾಡಿನ ಮೇಲೆ ಹೊಡೆಯುತ್ತೇವೆ, ಇನ್ನೊಮ್ಮೆ ನಿಧಾನವಾಗಿ ನಿಜವಾದ ಮುಖದ ತನಕ ಹೋಗಿ ಕೆನ್ನೆಯನ್ನು ಮುಟ್ಟುತ್ತೇವೆ. ಎರಡರಲ್ಲೂ ಹೊಡೆತ ಗುರಿಯನ್ನು ತಲುಪುತ್ತದೆ, ಹಾಗಾಗಿ ಎದುರುಮಾತು ಅವರು ಹೇಳಿದ ಗೇಣು ದೂರದ ರೂಢಿ ಬೆಳೆಯುವುದಿಲ್ಲ. ಕೀಲು ಪಟ್ಟಿನಲ್ಲಿ ಬಲವಾದ ಹಿಡಿತ, ನಿಜವಾದ ಪ್ರತಿರೋಧ, ಆದರೆ ಆಮೆಯ ವೇಗ. ಫಾ ಜಿನ್ ಅನ್ನು ಎದೆ, ಹೊಟ್ಟೆ, ಭುಜಗಳ ಮೇಲೆ ಮಾತ್ರ, ಅಂಗೈಯಿಂದ ತಳ್ಳುವಿಕೆಯಾಗಿ ಮಾಡುತ್ತೇವೆ. ಗೋಡೆಗೆ ದಪ್ಪ ಚಾಪೆ ಒರಗಿಸಿರುತ್ತೇವೆ, ಹಾರಿದವರು ಅದಕ್ಕೆ ತಾಗುತ್ತಾರೆ. ಕೀಲು ನೆಟ್ಟಗಿರುವಾಗ ಫಾ ಜಿನ್ ಎಂದಿಗೂ ಇಲ್ಲ.

ನಿಧಾನದ ಅಭ್ಯಾಸದಲ್ಲಿ ಹೊಸಬರು ಮಾಡುವ ಒಂದು ಮೋಸ ಇದೆ, ಅದನ್ನು ಅವರು ಬೇಕೆಂದು ಮಾಡುವುದಿಲ್ಲ. ಪಟ್ಟು ಕೂಡುತ್ತಿದೆ ಎಂದಾಗ ಸಿಕ್ಕವರು ಥಟ್ಟನೆ ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳುತ್ತಾರೆ. ಆಗ ಹಾಕಿದವರೂ ವೇಗ ಹೆಚ್ಚಿಸುತ್ತಾರೆ, ಹೀಗೆ ಮೂರು ಉಸಿರಿನಲ್ಲಿ ಅದು ಜಗಳವಾಗುತ್ತದೆ. ನಾನು ನೋಡಿದ ಗಾಯಗಳಲ್ಲಿ ಹೆಚ್ಚಿನವು ಆ ಮೂರನೆಯ ಉಸಿರಿನಲ್ಲಿ ಆದವು. ಆದ್ದರಿಂದ ಯಾರ ವೇಗ ಏರಿದರೂ ಇಬ್ಬರೂ ಕೈ ಬಿಟ್ಟು ಮತ್ತೆ ಮೊದಲಿನಿಂದ ಆರಂಭಿಸಬೇಕು ಎನ್ನುವುದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ. ಗಟ್ಟಿಹಿಡಿ ಅವರಂಥವರಿಗಾಗಿ, ಹಿಡಿಯುವ ಮೊದಲು ಎಷ್ಟು ಬಲ ಬೇಕೆಂದು ಒಂದರಿಂದ ಹತ್ತರೊಳಗಿನ ಸಂಖ್ಯೆಯಲ್ಲಿ ಕೇಳುತ್ತೇವೆ. ಸಂಖ್ಯೆ ಹೇಳುವವರು ಹಿಡಿಸಿಕೊಳ್ಳುವವರೇ, ಹಿಡಿಯುವವರಲ್ಲ.

ಮೂರನೇವರ್ಷ

1956ರಲ್ಲಿ ರೂಪಿಸಿದ 24 ಚಲನೆಗಳ ಸರಳ ಸರಣಿಯನ್ನಷ್ಟೇ ನಾನು ಕಲಿತಿದ್ದೇನೆ. ಅದು ಆರೋಗ್ಯಕ್ಕಾಗಿ ಮಾಡಿದ್ದು, ಅದರಲ್ಲಿ ಈ ಹತೋಟಿಯ ಕಲಿಕೆಗೆ ಆಧಾರವಿಲ್ಲ ಎಂದು ಹಿರಿಯರೊಬ್ಬರು ಹೇಳಿದರು. ನಿಜವೇ?

ಹಳೇಬೇರು

ಅರ್ಧ ನಿಜ. ಅದನ್ನು ಜನಸಾಮಾನ್ಯರ ವ್ಯಾಯಾಮಕ್ಕಾಗಿಯೇ ರೂಪಿಸಿದರು. ಆದರೆ ಅದು ಯಾಂಗ್ ಶೈಲಿಯಿಂದ ಬಂದದ್ದು, ಅದರೊಳಗಿನ "ಗುಬ್ಬಚ್ಚಿಯ ಬಾಲ ಹಿಡಿಯುವುದು" ಎಂಬ ಭಾಗದಲ್ಲಿ ಪೆಂಗ್, ಲ್ಯು, ಜಿ, ಆನ್ ನಾಲ್ಕೂ ಇವೆ. ಸರಣಿ ಸಾಕಾಗದಿರುವುದು ಎದುರಿಗೆ ಇನ್ನೊಬ್ಬರ ಕೈ ಇಲ್ಲದ್ದರಿಂದ. ಒಬ್ಬ ಜೊತೆಗಾರರನ್ನು ಹುಡುಕಿಕೊಳ್ಳಿ.

ಬಲಗೈ

ಇಷ್ಟು ಹೊತ್ತು ಓದುತ್ತಿದ್ದೆ. ಆ ಮೊಣಕೈ ನನ್ನದು.

ನಿಧಾನದಾರಿ ಅವರು ಎಲ್ಲ ತಪ್ಪನ್ನೂ ತಮ್ಮ ಮೇಲೆ ಹಾಕಿಕೊಂಡಿದ್ದಾರೆ, ಅದು ಸರಿಯಲ್ಲ. ಅಂದು ಅವರು ಅದಕ್ಕೆ ಮೊದಲು ನನ್ನನ್ನು ಮೂರು ಬಾರಿ ಸಮತೋಲ ತಪ್ಪಿಸಿದ್ದರು. ನಾಲ್ಕನೆಯ ಬಾರಿ ಸೋಲಬಾರದೆಂದು ನಾನು ತೋಳನ್ನು ಸೆಟೆಸಿ, ಮೊಣಕೈಯನ್ನು ನಾನೇ ಬಿಗಿದು ನೆಟ್ಟಗೆ ಮಾಡಿದೆ. ಹಳೇಬೇರು ಅವರು ಹೇಳಿದ ಕಾಂಗ್ ಅದೇ. ನೋವು ಆರಂಭವಾದಾಗಲೂ ತಕ್ಷಣ ತಟ್ಟಲಿಲ್ಲ, ಇನ್ನೊಂದು ಕ್ಷಣ ತಡೆದುನೋಡಿದೆ. ತಾಯ್ ಚಿ ಗುರು ಝೆಂಗ್ ಮನ್‌ಚಿಂಗ್ ಅವರು ಸೋಲಿನಲ್ಲಿ ಬಂಡವಾಳ ಹೂಡಬೇಕೆಂದು ಕಲಿಸುತ್ತಿದ್ದರು ಎಂಬುದನ್ನು ನಾನು ಬೇರೆಯವರಿಗೆ ಎಷ್ಟೋ ಬಾರಿ ಹೇಳಿದ್ದೇನೆ. ಅಂದು ಒಂದು ಚಿಕ್ಕ ಸೋಲನ್ನು ಒಪ್ಪಿಕೊಂಡಿದ್ದರೆ ಒಂದು ಹೆಜ್ಜೆ ಇಟ್ಟು ಹೊರಬರುತ್ತಿದ್ದೆ.

ಕೀಲುವೈದ್ಯೆ ಅವರಿಗೆ: ಎಕ್ಸ್-ರೇ ತೆಗೆಸಿದ್ದೇನೆ, ಮೂಳೆ ಮುರಿದಿಲ್ಲ. ತೋಳು ಈಗ ಹೆಚ್ಚುಕಡಿಮೆ ನೆಟ್ಟಗೆ ಬರುತ್ತದೆ. ನಿಧಾನದಾರಿ ಅವರೇ, ನೀವು ಎರಡು ವಾರಗಳಿಂದ ಅಭ್ಯಾಸಕ್ಕೆ ಬಂದಿಲ್ಲ. ದಯವಿಟ್ಟು ಬನ್ನಿ. ನಿಮ್ಮ ಬೆರಳುಗಳ ಹಿಂಜರಿಕೆ ನನ್ನ ಜೊತೆಯಲ್ಲಿಯೇ ಹೋಗಬೇಕು.

ನಿಧಾನದಾರಿ

ಬುಧವಾರ ಬರುತ್ತೇನೆ. ಎಡಗೈಯಲ್ಲಿ, ಒಂಟಿ ಕೈಯ ವೃತ್ತದಿಂದ ಆರಂಭಿಸೋಣ. ಸಂಖ್ಯೆಯನ್ನು ನೀವೇ ಹೇಳಿ.

ಬಲಗೈ

ಎರಡು.

ಕೀಲುವೈದ್ಯೆ

ನಿಮ್ಮನ್ನು ಪರೀಕ್ಷಿಸಿದ ವೈದ್ಯರು ಒಪ್ಪುವ ತನಕ ಬಲಗೈಗೆ ಪ್ರತಿರೋಧದ ಅಭ್ಯಾಸ ಬೇಡ, ಎರಡರಷ್ಟು ಬಲವೂ ಬೇಡ. ಎಡಗೈಗೆ ನನ್ನ ಅಭ್ಯಂತರವಿಲ್ಲ.